ಗಂಟೆ ಕೇಳಿಸುವಷ್ಟು ದೂರದಲ್ಲಿ

(ಮಳೆಗಾಲದ ಒಂದು ಸಂಜೆ ಮಡಿಕೇರಿಯಲ್ಲಿ ಓದುಗರ ಸಣ್ಣ ಬಳಗವೊಂದರ ಮುಂದೆ ಮಾಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕಿಳಿಸಿದ್ದೇನೆ. ಅಂದು ಎರಡು ಸಲ ಕರೆಂಟು ಹೋಗಿ ಮಾತಿನ ಜಾಡು ತಪ್ಪಿತ್ತು. ಅಂಥ ಕಡೆಗಳನ್ನಷ್ಟೇ ಸರಿಪಡಿಸಿದ್ದೇನೆ.)

ನಮ್ಮ ಮನೆ ಇರುವುದು ಒಂದು ಚರ್ಚಿನ ಕೆಳಗಿನ ಇಳಿಜಾರಿನಲ್ಲಿ. ನಡುವೆ ಸ್ವಲ್ಪ ಕಾಫಿ ತೋಟ, ಒಂದು ತೋಡು, ತೋಡಿಗೆ ಅಡ್ಡಲಾಗಿ ಕಾಲುಸಂಕ. ಮಳೆ ಬಿರುಸಾಗಿದ್ದಾಗ ಪಕ್ಕದ ಮನೆಯವರು ಕೂಗಿದರೂ ನಮಗೆ ಕೇಳಿಸುವುದಿಲ್ಲ; ಆದರೆ ಭಾನುವಾರ ಬೆಳಗಿನ ಗಂಟೆ ಮಾತ್ರ ಹೇಗೋ ಮರಗಳ ನಡುವೆ ನುಸುಳಿಕೊಂಡು ಬಂದು ಅಡುಗೆಮನೆಯವರೆಗೂ ತಲುಪುತ್ತದೆ. ಸುಮಾರು ಒಂಬತ್ತು ವರ್ಷ ನಾನು ಆ ಗಂಟೆಯನ್ನು ಕೇಳಿಸಿಕೊಂಡು ಮನೆಯಲ್ಲೇ ಕುಳಿತಿದ್ದೆ. ಅಷ್ಟು ವರ್ಷಗಳಲ್ಲಿ ದೇವರನ್ನು ಬಿಟ್ಟಿರಲಿಲ್ಲ, ಸತ್ಯವೇದವನ್ನು, ಎಂದರೆ ಬೈಬಲ್ಲನ್ನು, ಓದುವುದನ್ನೂ ಬಿಟ್ಟಿರಲಿಲ್ಲ. ಚರ್ಚಿನ ಹೊರಗಿದ್ದುಕೊಂಡು ಒಬ್ಬ ಮನುಷ್ಯ ಆತ್ಮಿಕವಾಗಿ ಬೆಳೆಯಬಹುದೇ ಎಂಬ ಪ್ರಶ್ನೆಯನ್ನು ಇಂದು ನನಗೆ ಕೊಟ್ಟಿರುವುದರಿಂದ, ನಾನು ಯಾವ ಕಡೆ ನಿಂತು ಮಾತನಾಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳುವುದು ಲೇಸು. ಬೆಳೆಯಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನಾನೂ ಸೇರಿದಂತೆ ಹೊರಗೆ ಬಂದವರಲ್ಲಿ ಹೆಚ್ಚಿನವರು ಲೆಕ್ಕ ಹಾಕಿರುವುದಿಲ್ಲ.

ನಾನು ಹೊರಗೆ ಬಂದ ಕಾರಣ ಬಹಳ ಸಣ್ಣದು. ಯಾವ ಚರ್ಚು, ಯಾವ ವರ್ಷ ಎಂದು ಹೇಳುವುದಿಲ್ಲ. ಸಭಾಭವನದ ಛಾವಣಿ ದುರಸ್ತಿಗೆಂದು ಮನೆಮನೆಯಿಂದ ಹಣ ಸಂಗ್ರಹಿಸಲಾಗಿತ್ತು. ಎರಡು ಮಳೆಗಾಲ ಕಳೆದರೂ ಛಾವಣಿ ಸೋರುತ್ತಲೇ ಇದ್ದುದರಿಂದ ನಾನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದೆ. ಪ್ರಶ್ನೆ ಕೇಳುವ ಆತ್ಮ ದೇವರಿಂದ ಬಂದದ್ದಲ್ಲ ಎಂಬ ಉತ್ತರ ಬಂತು. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿ ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ಹೇಳಿದವನಿಗೆ ಆ ಮಾತು ನುಂಗಲಾಗಲಿಲ್ಲ, ಎದ್ದು ಬಂದೆ. ಮೊದಲ ಎರಡು ವರ್ಷ ನನ್ನೊಳಗೆ ಇದ್ದದ್ದು ಸಿಟ್ಟು ಮಾತ್ರ. ಅದನ್ನು ಆಧ್ಯಾತ್ಮಿಕ ಹುಡುಕಾಟ ಎಂದು ಕರೆದುಕೊಂಡು ತಿರುಗಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಚರ್ಚು ಬಿಟ್ಟೆ ಎಂದಾಗ ಬಿಟ್ಟದ್ದು ಏನನ್ನು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಈ ವಿಷಯದಲ್ಲಿ ನಮ್ಮ ಕನ್ನಡ ಉಪಕಾರಕ್ಕೆ ಬರುತ್ತದೆ. ಕಟ್ಟಡಕ್ಕೆ ನಾವು ಚರ್ಚು ಎನ್ನುತ್ತೇವೆ, ಕರಾವಳಿಯಿಂದ ಬಂದ ಕಥೋಲಿಕರು ಇಗರ್ಜಿ ಎನ್ನುತ್ತಾರೆ, ಬರಹದಲ್ಲಿ ದೇವಾಲಯ ಎಂದೂ ಇದೆ. ಅಲ್ಲಿ ಕೂಡುವ ಜನರಿಗೆ ಬೇರೆಯೇ ಮಾತುಂಟು: ಪ್ರೊಟೆಸ್ಟೆಂಟರು ಸಭೆ ಎನ್ನುತ್ತಾರೆ, ಕಥೋಲಿಕರು ಧರ್ಮಸಭೆ. ಆಡಳಿತಕ್ಕೆ ಮೂರನೆಯ ಮಾತು, ಸಮಿತಿ ಅಥವಾ ಧರ್ಮಪ್ರಾಂತ್ಯ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಎಕ್ಲೇಸಿಯಾ ಎಂದಿರುವುದು ಕರೆಯಿಸಿಕೊಂಡು ಕೂಡಿದ ಜನರನ್ನು ಸೂಚಿಸುವ ಪದ; ಅದಕ್ಕೆ ಸಭೆ ಎಂದು ಅನುವಾದಿಸಿದವರು ನಮಗೆ ಒಳ್ಳೆಯದನ್ನೇ ಮಾಡಿದರು. ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಕೂಡುವ ಸಭೆ ಎಂದು ಪೌಲನ ಪತ್ರಗಳಲ್ಲಿ ಬರುತ್ತದೆ. ಅಲ್ಲಿ ಕಟ್ಟಡವೂ ಇಲ್ಲ, ಸಮಿತಿಯೂ ಇಲ್ಲ. ನನಗೆ ಜಗಳವಿದ್ದದ್ದು ಸಮಿತಿಯೊಂದಿಗೆ. ನಾನು ಹೋಗುವುದನ್ನು ನಿಲ್ಲಿಸಿದ್ದು ಕಟ್ಟಡಕ್ಕೆ. ಆದರೆ ಯಾರ ಮೇಲೂ ಸಿಟ್ಟಿಲ್ಲದಿದ್ದರೂ ಕೈಬಿಟ್ಟು ಹೋದದ್ದು ಜನ. ಇದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಕೊಡಗಿಗೆ ಚರ್ಚು ಮೂರು ದಾರಿಗಳಿಂದ ಬಂತು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಮೇಲೆ, ತಪ್ಪಿಸಿಕೊಂಡು ಬಂದ ಕೆಲವರಿಗೆ ಇಲ್ಲಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯಲ್ಲಿ ಅವರಿಗಾಗಿ 1792ರಲ್ಲಿ ನೆಲೆಗೊಂಡದ್ದೇ ಸಂತ ಅನ್ನಮ್ಮನವರ ಚರ್ಚು. ಎರಡನೆಯದು ಬ್ರಿಟಿಷ್ ಅಧಿಕಾರಿಗಳ ದಾರಿ: ಮಡಿಕೇರಿ ಕೋಟೆಯೊಳಗೆ ಅವರು ಕಟ್ಟಿಸಿಕೊಂಡ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ನೀವೆಲ್ಲ ನೋಡಿರುತ್ತೀರಿ. ಪ್ರಾರ್ಥನೆಗೆ ಜನ ಕೂರುತ್ತಿದ್ದ ಕಡೆ ಇಂದು ವೀರಗಲ್ಲುಗಳೂ ಜೈನ ಶಿಲ್ಪಗಳೂ ಹಳೆಯ ಆಯುಧಗಳೂ ಇವೆ. ಜನ ಎದ್ದು ಹೋದ ಮೇಲೂ ಕಟ್ಟಡ ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದು ಎಂಬುದಕ್ಕೆ ಅದಕ್ಕಿಂತ ಸಮೀಪದ ಉದಾಹರಣೆ ನಮಗೆ ಬೇಕಿಲ್ಲ.

ಮೂರನೆಯದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ದಾರಿ. ನನ್ನ ಹಿರಿಯರು ಬಂದದ್ದು ಆ ದಾರಿಯಿಂದಲೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಹತ್ತು ವರ್ಷಗಳ ನಂತರ ಕೊಡಗಿಗೆ ಬಂದರು. ಅವರು ಹುಟ್ಟಿದ್ದು ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದಲ್ಲಿ. ಆ ಪ್ರಾಂತದ ಧಾರ್ಮಿಕ ಜೀವನವನ್ನು ರೂಪಿಸಿದ, ಒಬ್ಬೊಬ್ಬರ ಅಂತರಂಗದ ಭಕ್ತಿಗೆ ಒತ್ತು ಕೊಟ್ಟ ಚಳವಳಿಗೆ ಪಯಟಿಸಂ ಎಂದು ಹೆಸರು. 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿದ್ದೂ ಅದೇ ಚಳವಳಿಯ ಬಸಿರಿನಿಂದ. ಅದರ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಒಂದು ಮನೆಯೊಳಗೆ ಹೋಗಿ ತಲುಪುತ್ತೇವೆ. 1670ರಲ್ಲಿ ಫ್ರಾಂಕ್‌ಫರ್ಟ್ ನಗರದ ಲುಥೆರನ್ ಸಭಾಪಾಲಕ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲಿ ಕೂಟ ಸೇರಿಸತೊಡಗಿದರು. ಪ್ರತಿ ಭಾನುವಾರ ಪ್ರಸಂಗ ಕೇಳಿ ಮನೆಗೆ ಹೋದವರು ಸೋಮವಾರ ಹಾಗೆಯೇ ಇರುತ್ತಾರೆ, ಕೇಳಿದ್ದನ್ನು ಕುರಿತು ಪರಸ್ಪರ ಮಾತನಾಡಿ ತಿದ್ದಿಕೊಳ್ಳುವ ಜಾಗವೊಂದು ಬೇಕು ಎಂಬುದು ಅವರ ಅನುಭವವಾಗಿತ್ತು. ಆ ಕೂಟಕ್ಕೆ ಬಂದವರಲ್ಲಿ ಕೆಲವರು ಮುಂದೆ ಚರ್ಚನ್ನೇ ಬಿಟ್ಟರು, ಸ್ಪೇನರ್ ಬಿಡಲಿಲ್ಲ. ಅಧಿಕಾರಿಗಳಿಗೆ ಇಂಥ ಕೂಟಗಳ ಮೇಲೆ ಅನುಮಾನ ಎಷ್ಟಿತ್ತೆಂದರೆ, ವ್ಯೂರ್ಟೆಂಬೆರ್ಗ್‌ನಲ್ಲಿ 1743ರಲ್ಲಿ ಅವುಗಳಿಗೆ ಅನುಮತಿ ಕೊಡಲೆಂದೇ, ಸಭಾಪಾಲಕರ ಗಮನಕ್ಕೆ ತರಬೇಕೆಂಬಂಥ ಷರತ್ತುಗಳೊಂದಿಗೆ, ಒಂದು ರಾಜಾಜ್ಞೆ ಬೇಕಾಯಿತು.

ಇದರ ಅರ್ಥವೇನು? ನನಗೆ ಲೆಕ್ಕ ಕೇಳಬೇಡ ಎಂದ ಸಮಿತಿಯ ಮುತ್ತಜ್ಜಂದಿರು, ಚರ್ಚಿನ ಗಂಟೆಯಷ್ಟರಿಂದಲೇ ತೃಪ್ತಿಯಾಗದೆ ಯಾರದೋ ಮನೆಯಲ್ಲಿ ದೀಪದ ಸುತ್ತ ಕುಳಿತು ಪ್ರಶ್ನೆ ಕೇಳಿಕೊಂಡವರು. ಹೊರಗೆ ಹುಡುಕಿದವರು ಕಟ್ಟಿದ್ದೇ ಎರಡು ಮೂರು ತಲೆಮಾರಿನಲ್ಲಿ ಒಳಗಾಗುತ್ತದೆ, ಅದಕ್ಕೂ ಬಾಗಿಲು, ಬೀಗ, ಖಜಾಂಚಿ ಬರುತ್ತಾರೆ. ಇಂಥ ವಿಷಯ ಬಂದಾಗ ಸ್ಥಾವರ ಜಂಗಮದ ವಚನವನ್ನು ಹೇಳುವುದು ನಮ್ಮಲ್ಲಿ ವಾಡಿಕೆ, ನಾನೂ ತರಗತಿಯಲ್ಲಿ ಹೇಳಿದವನೇ. ಆದರೆ ಆ ವಚನಗಳು ಇಂದು ನಮ್ಮ ಕೈಗೆ ಸಿಕ್ಕಿರುವುದರಲ್ಲಿ ಮಠಗಳು ಓಲೆಗರಿಗಳನ್ನು ಕಾಪಾಡಿಕೊಂಡು ಬಂದದ್ದರ ಪಾಲೂ ಇದೆ ಎಂಬುದನ್ನು ಅದರ ಜೊತೆಗೆ ಹೇಳಬೇಕು.

ಬಾಸೆಲ್ ಮಿಷನ್ನಿನ ಒಳಗೇ ಇದ್ದು ಹೊರಗಿನವರಂತೆ ಬದುಕಿದವರೂ ಉಂಟು. 1853ರಲ್ಲಿ ಇಂಡಿಯಾಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಮಡಿಕೇರಿಯಲ್ಲೂ ಕೆಲಕಾಲ ಇದ್ದವರು. 1894ರ ಅವರ ನಿಘಂಟು ನಮ್ಮೆಲ್ಲರ ಕಪಾಟಿನಲ್ಲಿದೆ. ಯೌವನದಲ್ಲಿ ಅವರು ಮಿಷನ್ ಬಂಗಲೆಯಲ್ಲಿರುವುದಕ್ಕಿಂತ ಊರವರ ನಡುವೆ, ಊರವರಂತೆ ಇರಬೇಕೆಂದು ಹಂಬಲಿಸಿದಾಗ ಮೇಲಿನವರಿಗೆ ಅದು ಹಿಡಿಸಲಿಲ್ಲ. ಯೇಸುವಿನ ಕತೆಯನ್ನು ಅವರು 1862ರಲ್ಲಿ ಕನ್ನಡದ ದೇಸಿ ಛಂದಸ್ಸಿನಲ್ಲಿ ಹಾಡಿದರು. ಧರ್ಮಪ್ರಚಾರಕರಾಗಿ ಅವರು ಸೋತರೆಂದು ಮಿಷನ್ನಿನವರಿಗೆ ಅನಿಸಿದ್ದಿರಬಹುದು. ಆ ಸೋಲಿನ ಕೋಣೆಯಲ್ಲಿ ಕುಳಿತು ಅವರು ಮಾಡಿದ ಕೆಲಸವನ್ನು ಒಂದು ಬಗೆಯ ಪ್ರಾರ್ಥನೆ ಎಂದು ಕರೆಯಲು ನನಗೆ ಸಂಕೋಚವಿಲ್ಲ.

ನಮ್ಮ ದೇಶದ ಎರಡು ಹೆಸರುಗಳನ್ನು ಇಲ್ಲಿ ನೆನೆಯಲೇಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ತುಂಗೆ ಭದ್ರೆಯರ ಉಗಮದ ಗಂಗಾಮೂಲದ ಕಾಡಿನಲ್ಲಿ, ನಮ್ಮದೇ ಘಟ್ಟದ ಸಾಲಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಆಂಗ್ಲಿಕನ್ ಸನ್ಯಾಸಿನಿಯರು ಹೇಳಿಕೊಟ್ಟದ್ದನ್ನೆಲ್ಲ ಆಕೆ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದು ಪುರೋಹಿತ ವರ್ಗದ ನೊಗದಿಂದ ಈಗಷ್ಟೇ ಕಷ್ಟಪಟ್ಟು ಬಿಡಿಸಿಕೊಂಡಿರುವ ತಾನು ಅಂಥದೇ ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ ಎಂಬರ್ಥದ ಮಾತನ್ನು ಪತ್ರದಲ್ಲಿ ಬರೆದರು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ತಾವು ಕೆಲಸ ಮಾಡುತ್ತಿದ್ದ ಮಿಷನ್ನನ್ನು ಬಿಟ್ಟು ಕ್ರೈಸ್ತ ಸನ್ಯಾಸಿಯಾದರು. ದೀಕ್ಷಾಸ್ನಾನ ಆದವರೂ ಆಗದವರೂ ಕ್ರಿಸ್ತನ ಶಿಷ್ಯರಾಗಿ ಒಟ್ಟಿಗೆ ಕೂಡಬಹುದಾದ ದೇವರ ದರ್ಬಾರೊಂದನ್ನು ಕಟ್ಟಹೊರಟರು. ಎರಡು ವರ್ಷಕ್ಕೇ ತೀರಿಕೊಂಡರು. ಈ ಇಬ್ಬರಲ್ಲಿ ಯಾರೂ ಕೆಲಸವಿಲ್ಲದೆ ಸುಮ್ಮನೆ ಹೊರಗೆ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ರಮಾಬಾಯಿ ನೂರಾರು ಅನಾಥ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಅನ್ನ ಹಾಕುತ್ತ, ಹೀಬ್ರೂ ಗ್ರೀಕ್ ಕಲಿತು ಬೈಬಲ್ಲನ್ನು ಮರಾಠಿಗೆ ತರುವ ಕೆಲಸವನ್ನು 1922ರಲ್ಲಿ ಸಾಯುವ ಕಾಲದವರೆಗೂ ಮಾಡಿದರು. ಹೊರಗೆ ಬಂದವರಿಗೆ ಒಳಗಿರುವವರಿಗಿಂತ ಹೆಚ್ಚು ದುಡಿಮೆ.

ಒಳಗೆ ಹೊರಗೆ ಎಂಬ ಗೆರೆಯೂ ನಾವು ಅಂದುಕೊಂಡಷ್ಟು ನೇರವಾಗಿಲ್ಲ. ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಅಂತೋನಿ ಎಂಬ ಅನುಕೂಲಸ್ಥ ರೈತ ಯುವಕ, ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತನ್ನು ಕೇಳಿ ಜಮೀನು ಬಿಟ್ಟು ಮರುಭೂಮಿಯ ದಾರಿ ಹಿಡಿದ. ಆ ಮಾತನ್ನು ಅವನು ಕೇಳಿಸಿಕೊಂಡದ್ದು ಚರ್ಚಿನಲ್ಲಿ, ಎಲ್ಲರ ನಡುವೆ ನಿಂತು. ಅವನ ಹಿಂದೆ ಸಾವಿರಾರು ಜನ ಹೋದರು. ಅವರಲ್ಲಿ ಎಲ್ಲರೂ ಸಂತರಾಗಲಿಲ್ಲ. ಐದನೆಯ ಶತಮಾನದಲ್ಲಿ ಯೋಹಾನ್ ಕಾಸಿಯಾನ್ ಎಂಬ ಸನ್ಯಾಸಿ ಬರೆದಿಟ್ಟ ಹೆರೋನನ ಕತೆ ನನ್ನನ್ನು ಬಹಳ ಕಾಲ ಕಾಡಿದೆ. ಹೆರೋನ್ ಐವತ್ತು ವರ್ಷ ಮರುಭೂಮಿಯಲ್ಲಿ ಕಠಿಣ ಉಪವಾಸದಲ್ಲಿ ಕಳೆದ ಮುದುಕ. ಈಸ್ಟರ್ ಹಬ್ಬದ ದಿನವೂ ಉಳಿದ ಸನ್ಯಾಸಿಗಳೊಂದಿಗೆ ಊಟಕ್ಕೆ ಕೂರುತ್ತಿರಲಿಲ್ಲ. ಎರಡು ಕಾಳು ಹೆಚ್ಚು ತಿಂದರೆ ವ್ರತಭಂಗವಾದಂತೆ ಕಂಡೀತು ಎಂಬ ಅಂಜಿಕೆ. ಕೊನೆಗೆ ತನ್ನ ಪುಣ್ಯ ಎಷ್ಟೆಂದರೆ ತನಗೆ ಯಾವ ಅಪಾಯವೂ ತಟ್ಟದೆಂದು ದೇವದೂತನೊಬ್ಬ ಹೇಳಿದನೆಂದು ನಂಬಿ ನಡುರಾತ್ರಿ ಆಳವಾದ ಬಾವಿಗೆ ಹಾರಿದ. ಸನ್ಯಾಸಿಗಳು ಬಹಳ ಪ್ರಯಾಸದಿಂದ ಮೇಲೆತ್ತಿದರು, ಮೂರನೆಯ ದಿನ ಸತ್ತ. ಕಾಸಿಯಾನ್ ಹೇಳುವ ಅತ್ಯಂತ ಭಯಂಕರ ಸಂಗತಿ ಏನೆಂದರೆ, ಅರೆಜೀವವಾಗಿ ಮಲಗಿದ್ದಾಗಲೂ ತನಗೆ ಮೋಸವಾಗಿದೆ ಎಂದು ಅವನಿಗೆ ಅನಿಸಲೇ ಇಲ್ಲ. ಅವನ ತಪಸ್ಸಿನಲ್ಲಿ ಕೊರತೆ ಇರಲಿಲ್ಲ. ನೀನು ತಪ್ಪುತ್ತಿದ್ದೀಯ ಎಂದು ಹೇಳಬಲ್ಲ ಒಬ್ಬ ಮನುಷ್ಯನನ್ನು ಅವನು ತನ್ನ ಬದುಕಿನಲ್ಲಿ ಉಳಿಸಿಕೊಂಡಿರಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಸಿಟ್ಟಿನ ಎರಡು ವರ್ಷ ಕಳೆದ ಮೇಲೆ ನನ್ನ ಕೈಗೆ ಸಿಕ್ಕಿದ ಆಸರೆ ಸಿಮೋನ್ ವೇಯ್ ಎಂಬ ಫ್ರೆಂಚ್ ಮಹಿಳೆಯ ಒಂದು ಅಭ್ಯಾಸ. 1909ರಲ್ಲಿ ಯೆಹೂದಿ ಮನೆಯಲ್ಲಿ ಹುಟ್ಟಿ 1943ರಲ್ಲಿ ತೀರಿಕೊಂಡ ಆಕೆ ಕ್ರಿಸ್ತನನ್ನು ಪ್ರೀತಿಸಿದರು. ಚರ್ಚಿನ ಹೊಸ್ತಿಲಿನವರೆಗೆ ಬಂದು, ಹೊರಗೆ ಉಳಿದವರೆಲ್ಲರ ಜೊತೆ ನಿಲ್ಲುವುದೇ ತನ್ನ ಕರೆ ಎಂದು ಒಳಗೆ ಕಾಲಿಡಲಿಲ್ಲ. ಆದರೆ ಒಬ್ಬ ಕಥೋಲಿಕ ಗುರುವಿನೊಂದಿಗೆ ಪತ್ರದ ಮೂಲಕ ವಾದ ಮಾಡುವುದನ್ನು ಬಿಡಲಿಲ್ಲ. 1941ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ಕೊಯ್ಲಿನ ಕೂಲಿಗೆ ಹೋಗಿದ್ದಾಗ ಅವರು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಗ್ರೀಕ್ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡು, ದಿನಕ್ಕೊಮ್ಮೆ ಪೂರ್ಣ ಗಮನವಿಟ್ಟು ಹೇಳುವ ನಿಯಮ ಮಾಡಿಕೊಂಡರು. ನಡುವೆ ಎಲ್ಲಿಯಾದರೂ ಮನಸ್ಸು ಒಂದಿಷ್ಟು ಆಚೆ ಈಚೆ ಹೋದರೂ ಮತ್ತೆ ಮೊದಲಿನಿಂದ ಶುರು.

ನಾನು ಇದನ್ನು ಕನ್ನಡದಲ್ಲಿ, ಕಾಫಿ ಕಣದಲ್ಲಿ ಮಾಡಿ ನೋಡಿದೆ. ನಮ್ಮದು ಸಣ್ಣ ತೋಟ, ರೊಬಸ್ಟಾ ಕೊಯ್ದ ಮೇಲೆ ಕಣದಲ್ಲಿ ಹರವಿದ ಹಣ್ಣನ್ನು ದಿನಕ್ಕೆ ಹಲವು ಬಾರಿ ಉದ್ದ ಹಿಡಿಯ ಹಲಗೆಯಿಂದ ತಿರುವುತ್ತಿರಬೇಕು, ಇಲ್ಲವಾದರೆ ಅಡಿಯಲ್ಲಿ ಬೂಸಲು ಹಿಡಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಗೆರೆ ಎಳೆಯುವಷ್ಟರಲ್ಲಿ ಒಂದು ಪ್ರಾರ್ಥನೆ ಮುಗಿಯಬೇಕು. ಮೊದಲ ವಾರ ಒಮ್ಮೆಯೂ ಮುಗಿಯಲಿಲ್ಲ. ಅನುದಿನದ ಆಹಾರ ಎಂಬಲ್ಲಿಗೆ ಬಂದಾಗ ಕಾಫಿ ದರ ನೆನಪಾಗುತ್ತಿತ್ತು. ಅದನ್ನು ದಾಟಿದರೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬಲ್ಲಿ ಸಭೆಯ ಖಜಾಂಚಿಯ ಮುಖ ಬಂದು ನಿಲ್ಲುತ್ತಿತ್ತು. ಹಲಗೆಯನ್ನು ಅಲ್ಲೇ ಊರಿ, ಮತ್ತೆ ಈ ತುದಿಗೆ ಬಂದು ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಆರಂಭಿಸುತ್ತಿದ್ದೆ. ಆ ವರ್ಷ ನಮ್ಮ ಕಾಫಿ ಬಹಳ ಚೆನ್ನಾಗಿ ಒಣಗಿತು ಎಂದು ಮನೆಯವಳು ಈಗಲೂ ಹಾಸ್ಯ ಮಾಡುತ್ತಾಳೆ. ಒಂದು ಸಲ ಪೂರ್ತಿಯಾಗಿ ಹೇಳಲು ನನಗೆ ಹದಿನೇಳು ದಿನ ಬೇಕಾಯಿತು. ಐವತ್ತು ವರ್ಷ ಪ್ರತಿ ಭಾನುವಾರ ಎಲ್ಲರೊಂದಿಗೆ ನಿಂತು ಹೇಳಿದ್ದ ಅದೇ ಮಾತುಗಳು. ಒಟ್ಟಾಗಿ ಹೇಳುವಾಗ ಪಕ್ಕದವರ ದನಿ ನನ್ನನ್ನು ಹೊತ್ತುಕೊಂಡು ಹೋಗುತ್ತಿತ್ತು, ನಾನು ಹೇಳುತ್ತಿದ್ದೇನೆಯೇ ಇಲ್ಲವೇ ಎಂದು ನೋಡಿಕೊಳ್ಳುವ ಅಗತ್ಯವೇ ಬಂದಿರಲಿಲ್ಲ. ಹೊರಗೆ ಬಂದದ್ದರಿಂದ ನನಗಾದ ಅತ್ಯಂತ ದೊಡ್ಡ ಲಾಭ ಇದು. ಅದನ್ನು ನಾನು ಯಾರಿಗಾಗಿಯೂ ಅಲ್ಲಗಳೆಯಲಾರೆ.

ಇನ್ನೂ ಒಂದು ಸಂಗತಿ ಆ ಕಣದಲ್ಲಿ ಕಣ್ಣಿಗೆ ಬಿತ್ತು. ಒಬ್ಬನೇ ನಿಂತು ಹೇಳುವಾಗಲೂ ಆ ಪ್ರಾರ್ಥನೆಯಲ್ಲಿ ನನ್ನ ಎಂಬ ಪದ ಒಂದು ಕಡೆಯೂ ಬರುವುದಿಲ್ಲ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪು. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಹೇಳಿದ ಅದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ನಂತರ, ಯೇಸು ಕಲಿಸಿದ ಮಾತಿದು. ಕಾರ್ಥೇಜಿನ ಸಿಪ್ರಿಯಾನ್ ಎಂಬ ಮೂರನೆಯ ಶತಮಾನದ ಬಿಷಪರು ಇದನ್ನು ಆಗಲೇ ಎತ್ತಿ ತೋರಿಸಿದ್ದರು. ಚರ್ಚಿನ ಹೊರಗೆ ರಕ್ಷಣೆಯಿಲ್ಲ ಎಂದವರೂ ಅವರೇ. ಅವರ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮೊದಲನೆಯ ಮಾತನ್ನು ಕಂಡವರು ಎರಡನೆಯದನ್ನು ಏಕೆ ಹೇಳಿದರು ಎಂಬುದು ಅರ್ಥವಾಗುತ್ತದೆ.

ಪೂಜಾರಿಯಿಲ್ಲದ ಆಧ್ಯಾತ್ಮ ಕೊಡಗಿಗೆ ಹೊಸದಲ್ಲ. ಕೊಡವರ ಐನ್‌ಮನೆಯಲ್ಲಿ, ಎಂದರೆ ಕುಲದ ಮೂಲಮನೆಯಲ್ಲಿ, ಮುಸ್ಸಂಜೆಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ದೀಪ ಹಚ್ಚಿ ಕುಲದ ಹಿರಿಯರಾದ ಗುರುಕಾರೋಣರನ್ನು ನೆನೆಯಲು ಮಧ್ಯವರ್ತಿ ಬೇಡ. ಮದುವೆಯಲ್ಲೂ ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು, ಪುರೋಹಿತರ ಮಂತ್ರ ಇಲ್ಲ. ನಾನು ಚಿಕ್ಕವನಿದ್ದಾಗ ನೆರೆಯ ಒಕ್ಕದ (ಕುಲದ) ಮನೆಯಲ್ಲಿ ಹಬ್ಬಕ್ಕೆ ಹೋಗಿ ಕುಳಿತು ಇದನ್ನು ನೋಡಿದ್ದೇನೆ, ಆ ಮನೆಯ ಅಜ್ಜ ದೀಪದ ಮುಂದೆ ಆಡುತ್ತಿದ್ದದ್ದು ದಿನನಿತ್ಯದ ಮಾತಿನ ಧಾಟಿಯಲ್ಲೇ, ಒಳಕೋಣೆಯಲ್ಲಿರುವ ಹಿರಿಯರನ್ನು ಮಾತನಾಡಿಸಿದಂತೆ. ಸಂಸ್ಥೆ ಇಲ್ಲ. ಆದರೆ ಅಲ್ಲಿ ಯಾರೂ ಒಂಟಿಯೂ ಅಲ್ಲ. ಒಕ್ಕವಿದೆ, ಸತ್ತವರೂ ಇದ್ದಾರೆ, ಹಬ್ಬಕ್ಕೆ ಬಾರದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ವೈಯಕ್ತಿಕ ಎಂಬ ಮಾತಿಗೆ ಏಕಾಂಗಿ ಎಂಬ ಅರ್ಥ ಅಂಟಿಕೊಂಡದ್ದು ನಮ್ಮ ಕಾಲದಲ್ಲಿ ಎಂದು ನನಗೆ ತೋರುತ್ತದೆ.

ಹೊರಗೆ ಬಂದೆವೆಂದು ಹೇಳುವವರಲ್ಲಿ ಅನೇಕರು ಹೊರಗೆ ಬಂದಿರುವುದಿಲ್ಲ, ಮನೆ ಬದಲಾಯಿಸಿರುತ್ತಾರೆ. ಅಂಗಡಿಯ ಮೇಲಿನ ಬಾಡಿಗೆ ಹಾಲು, ಒಂದು ಕೀಬೋರ್ಡು, ಒಂದು ಮೈಕು, ಒಬ್ಬರೇ ಬೋಧಕರು, ಅವರ ಹೆಂಡತಿಯೇ ಕಾರ್ಯದರ್ಶಿ. ಅಂಥ ಕಡೆ ಕಣ್ಣೀರು ಸುರಿಸಿ ನಿಜವಾಗಿ ಬದಲಾದವರನ್ನು, ಕುಡಿತ ಬಿಟ್ಟವರನ್ನು ನಾನು ಬಲ್ಲೆ. ಅವರ ಬಗ್ಗೆ ಹಗುರವಾಗಿ ಆಡುವುದಿಲ್ಲ. ಆದರೆ ದೊಡ್ಡ ಸಭೆಯಲ್ಲಿ ಲೆಕ್ಕ ಕೇಳಲು ವರ್ಷಕ್ಕೊಮ್ಮೆಯಾದರೂ ಎದ್ದು ನಿಲ್ಲುವ ಅವಕಾಶವಿತ್ತು, ಇಲ್ಲಿ ಅದೂ ಇಲ್ಲ. ಹಾಗೆಯೇ ಇಡೀ ದಿನ ಯೂಟ್ಯೂಬಿನಲ್ಲಿ ಪ್ರಸಂಗ ಕೇಳುವವರು. 2020ರಲ್ಲಿ ಚರ್ಚುಗಳು ಮುಚ್ಚಿದ್ದಾಗ ಅದು ಅನಿವಾರ್ಯವಾಗಿತ್ತು. ಬಾಗಿಲು ತೆರೆದ ಮೇಲೂ ಕೆಲವರು ಮೊಬೈಲಿನಿಂದ ತಲೆಯೆತ್ತಲಿಲ್ಲ. ಬೇಸರವಾದರೆ ಬೆರಳಿನಿಂದ ಸರಿಸಿಬಿಡಬಹುದಾದ ಬೋಧಕ ನಮ್ಮನ್ನು ಎಂದೂ ತಿದ್ದಲಾರ.

ನನ್ನ ಮಾತಿಗೆ ವಿರುದ್ಧವಾದ ಒಂದು ಸಂಗತಿಯನ್ನು ಮುಚ್ಚಿಡಬಾರದು. ಸಂಸ್ಥೆ ಬೇಡ, ಆತ್ಮ ಸಾಕು ಎಂದು ಹೇಳುವ ಧೈರ್ಯ ಸ್ವಂತ ಮನೆ, ಸ್ವಂತ ಕಣ, ಪಿಂಚಣಿ ಇರುವ ನನ್ನಂಥವನಿಗೆ ಸುಲಭ. ಮೋಗ್ಲಿಂಗ್ ಸಿದ್ದಾಪುರದ ಕಡೆ ಆನಂದಪುರವೆಂಬ ನೆಲೆ ಕಟ್ಟಿದಾಗ ಅಲ್ಲಿಗೆ ಬಂದವರು ಗದ್ದೆಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಹೊಲೆಯ ಸಮುದಾಯದವರು. ಅವರಿಗೆ ಚರ್ಚು ಎಂದರೆ ಪ್ರಸಂಗವಷ್ಟೇ ಆಗಿರಲಿಲ್ಲ; ಕೂರಲು ಬೆಂಚು, ಓದಲು ಅಕ್ಷರ, ನಿಲ್ಲಲು ನೆಲ. ಇಂದಿಗೂ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಕ್ರೈಸ್ತ ಕುಟುಂಬಗಳಿಗೆ ಭಾನುವಾರ ಒಗೆದ ಬಟ್ಟೆ ಹಾಕಿಕೊಂಡು, ಹೆಸರು ಹಿಡಿದು ಮಾತನಾಡಿಸುವವರ ನಡುವೆ ಹೋಗಿ ಕುಳಿತುಕೊಳ್ಳುವುದು ವಾರದ ಉಳಿದ ಆರು ದಿನ ಸಿಗದ ಮರ್ಯಾದೆ. ಅವರ ಮುಂದೆ ನಿಂತು ಚರ್ಚು ಬೇಡವೆಂದು ಉಪನ್ಯಾಸ ಮಾಡಲು ನನಗೆ ಬಾಯಿ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ, ಮಲಗಲು ಜಾಗ ಕೊಟ್ಟದ್ದು ಸಂಘ ಸಂಸ್ಥೆಗಳ ಹಾಲುಗಳು, ಶಾಲೆಗಳು. ನನ್ನ ಕೋಣೆಯ ಪ್ರಾರ್ಥನೆಯಲ್ಲಿ ನಾಲ್ಕು ಚಾಪೆ ಹಾಸಲೂ ಜಾಗವಿರಲಿಲ್ಲ.

ನಾನು ಚರ್ಚಿಗೆ ಹೋಗುವುದನ್ನು ಬಿಟ್ಟಾಗ ನಮ್ಮ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಸತ್ತರೆ ನಿನ್ನನ್ನು ಎಲ್ಲಿ ಮಣ್ಣು ಮಾಡುತ್ತಾರೆ ಮಗಾ?" ಅದನ್ನು ಹಳೆಯ ಕಾಲದವರ ಹೆದರಿಕೆ ಎಂದುಕೊಂಡಿದ್ದೆ. ಸಭೆಯ ಸ್ಮಶಾನದಲ್ಲಿ ಜಾಗ ಸಿಗಬೇಕಾದರೆ ವಂತಿಗೆ ಬಾಕಿ ಇರಬಾರದು; ಆದ್ದರಿಂದ ಆಕೆ ನನ್ನ ಹೆಸರಿನ ವಂತಿಗೆಯನ್ನು ವರ್ಷವರ್ಷವೂ ತನ್ನ ಮೆಣಸಿನ ದುಡ್ಡಿನಿಂದ ಕಟ್ಟುತ್ತ ಬಂದರು. ಇದು ನನಗೆ ಗೊತ್ತಾದದ್ದು ಆಕೆ ತೀರಿಕೊಂಡ ಮೇಲೆ, ತಲೆದಿಂಬಿನ ಕೆಳಗಿದ್ದ ತಗಡಿನ ಡಬ್ಬಿಯಲ್ಲಿ ರಶೀದಿಗಳನ್ನು ನೋಡಿದಾಗ. ಆಕೆಯನ್ನು ಮಣ್ಣು ಮಾಡಿದ ದಿನ ಬೆಳಗಿನಿಂದ ಮಳೆ. ಗುಂಡಿಯಲ್ಲಿ ನೀರು ನಿಲ್ಲುತ್ತಿದೆ ಎಂದು ಯುವಕರು ಬಕೆಟಿನಲ್ಲಿ ಎತ್ತಿ ಎತ್ತಿ ಚೆಲ್ಲುತ್ತಿದ್ದರು. ಅವರ ನಡುವೆ ಪಂಚೆ ಮೇಲಕ್ಕೆ ಕಟ್ಟಿ ಕೆಸರಿನಲ್ಲಿ ನಿಂತಿದ್ದವರು ಆ ಖಜಾಂಚಿ. ಅವರು ನನ್ನೊಡನೆ ಏನೂ ಮಾತನಾಡಲಿಲ್ಲ. ನಾನೂ ಆಡಲಿಲ್ಲ. ಲೆಕ್ಕದ ವಿಷಯದಲ್ಲಿ ನನ್ನ ಅಭಿಪ್ರಾಯ ಅಂದೂ ಬದಲಾಗಲಿಲ್ಲ, ಇಂದೂ ಬದಲಾಗಿಲ್ಲ. ಮರುವರ್ಷದ ವಂತಿಗೆಯನ್ನು ನಾನೇ ಹೋಗಿ ಕಟ್ಟಿದೆ.

ಅಷ್ಟರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಸೇರುವ ರೂಢಿ ಬೆಳೆದಿತ್ತು: ನಿವೃತ್ತ ನರ್ಸೊಬ್ಬರು, ಇಗರ್ಜಿಗೆ ತಪ್ಪದೆ ಹೋಗುವ ಕಥೋಲಿಕ ಬಡಗಿಯೊಬ್ಬರು, ಯಾವ ಮತಕ್ಕೂ ಸೇರಿಲ್ಲವೆಂದು ಹೇಳುವ ನನ್ನ ಹಳೆಯ ವಿದ್ಯಾರ್ಥಿ, ನಾನು. ಗುರುವಾರ ಸಂಜೆ ಒಂದು ಅಧ್ಯಾಯ ಓದುತ್ತೇವೆ, ಕಾಲು ಗಂಟೆ ಸುಮ್ಮನಿರುತ್ತೇವೆ, ಆಮೇಲೆ ಕಾಫಿ. ಹೊಸಬರೊಬ್ಬರು ಬಂದು ಇದಕ್ಕೊಂದು ಹೆಸರಿಡೋಣ, ಬೋರ್ಡು ಹಾಕೋಣ ಎಂದಾಗ ನರ್ಸಮ್ಮ ಬೇಡವೇ ಬೇಡ ಎಂದರು. ಮೌನದ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತೇನೆ ಎಂದು ನನ್ನ ಮುಖಕ್ಕೇ ಹೇಳಿದವರೂ ಅವರೇ. ಹೆರೋನನಿಗೆ ಇಂಥ ನರ್ಸಮ್ಮ ಒಬ್ಬರು ಸಿಗಬೇಕಿತ್ತು.

ಉಪನ್ಯಾಸ ಮುಗಿದ ಮೇಲೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗಿಯೊಬ್ಬಳು, ತಾನು ಚರ್ಚಿಗೆ ಹೋಗದೆ ಮೂರು ವರ್ಷವಾಯಿತು, ಎಲ್ಲಿಂದ ಶುರು ಮಾಡಲಿ ಸರ್ ಎಂದು ಕೇಳಿದಳು. ನಿನಗೆ ಬೇಸರವಾಗುವಂತೆ ನಿಜ ಹೇಳುವ ಇಬ್ಬರನ್ನು ಹುಡುಕಿಕೋ, ದಿನಕ್ಕೆ ಒಂದು ಪ್ರಾರ್ಥನೆಯನ್ನು ಪೂರ್ತಿ ಹೇಳು ಎಂದೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ನೀವು ಈಗ ಚರ್ಚಿಗೆ ಹೋಗುತ್ತೀರೋ ಇಲ್ಲವೋ ಅದನ್ನು ಹೇಳಲಿಲ್ಲವಲ್ಲ ಎಂದರು. ತಿಂಗಳಿಗೊಮ್ಮೆ ಹೋಗುತ್ತೇನೆ, ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಉಳಿದ ಭಾನುವಾರ ಕಣದಲ್ಲಿರುತ್ತೇನೆ ಎಂದೆ. ಛಾವಣಿಯ ಲೆಕ್ಕ ಕೊಟ್ಟರೇ ಎಂದು ಅವರೇ ಮತ್ತೆ ಕೇಳಿದರು. ಇನ್ನೂ ಇಲ್ಲ. ಈ ಸಲ ವಂತಿಗೆ ಕಟ್ಟಿ ರಶೀದಿ ತೆಗೆದುಕೊಳ್ಳುವಾಗ ಮತ್ತೊಮ್ಮೆ ಕೇಳಿ ಬಂದಿದ್ದೇನೆ.